ಸಹಾಯ ಬೇಕು: ಖಾತೆಯಲ್ಲಿ ನನ್ನ ಹೆಸರೂ ಇರಲಿ ಎಂದು ಕೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಶಿರಸಿ ಸೀಮೆಯ ಅಡಿಕೆ ತೋಟದ ಮನೆಗೆ ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷಗಳಾದ ನಾನು, ಸ್ವಲ್ಪ ಸಂಕೋಚದಿಂದಲೇ ಈ ಸಲಹೆಯನ್ನು ಕೇಳುತ್ತಿದ್ದೇನೆ.

ತೋಟ ಮತ್ತು ವ್ಯವಹಾರ ಯಜಮಾನರದ್ದು, ಅಡುಗೆ, ಕೊಟ್ಟಿಗೆ, ಅತ್ತೆಯವರ ಔಷಧೋಪಚಾರ ನನ್ನದು ಎಂಬ ಹಂಚಿಕೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕೊಯ್ಲಿನ ದಿನಗಳಲ್ಲಿ ಕೆಲಸದವರಿಗೆಲ್ಲ ತಿಂಡಿ, ಊಟ, ಚಹಾ ಪೂರೈಸಿ, ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯಲು ಕುಳಿತರೂ, ಸೊಸೈಟಿಯ ಖಾತೆಗೆ ಬರುವ ಹಣದಲ್ಲಿ ನೂರು ರೂಪಾಯಿ ಬೇಕಾದರೂ ಕಾರಣ ಹೇಳಿಯೇ ಕೈಯೊಡ್ಡಬೇಕಾಗಿದೆ. ಅವರು ಕೆಟ್ಟವರಲ್ಲ, ಕೇಳಿದಾಗ ಇಲ್ಲವೆಂದದ್ದೂ ಇಲ್ಲ. ಕೇಳಬೇಕಾಗಿರುವುದೇ ನನ್ನ ಸಂಕಟ. (‘ಗೃಹಲಕ್ಷ್ಮಿ’ಯ 2,000 ರೂಪಾಯಿ ಅತ್ತೆಯವರ ಹೆಸರಿಗೆ ಬರುತ್ತದೆ, ಅದು ಸರಿಯೇ.)

2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ತೀರ್ಪೊಂದರಲ್ಲಿ, ಸ್ವಂತ ಆದಾಯವಿಲ್ಲದ ಗೃಹಿಣಿಗೆ ಜಂಟಿ ಖಾತೆ, ಎಟಿಎಂ ಕಾರ್ಡುಗಳ ಮೂಲಕ ಪತಿ ಆರ್ಥಿಕ ಬಲ ನೀಡಬೇಕಾದ ಅಗತ್ಯವನ್ನು ಒತ್ತಿ ಹೇಳಿದ್ದನ್ನು ಓದಿದಾಗಿನಿಂದ ಈ ವಿಚಾರ ಮನಸ್ಸಿನಲ್ಲಿದೆ. ಆದರೆ ಊಟದ ಹೊತ್ತಿನಲ್ಲಿ ಕೋರ್ಟಿನ ಮಾತೆತ್ತಿದರೆ ಅದು ಜಗಳಕ್ಕೆ ನಿಂತಂತೆ ಕೇಳಿಸೀತು.

ನಿಮ್ಮಲ್ಲಿ ಜಂಟಿ ಖಾತೆ ತೆರೆದವರು, ಈ ಮಾತನ್ನು ಮೊದಲು ಹೇಗೆ ಪ್ರಸ್ತಾಪಿಸಿದಿರಿ, ಒಬ್ಬರ ಸಹಿಯೇ ಸಾಕೆಂಬ ವ್ಯವಸ್ಥೆ ಮಾಡಿಕೊಂಡಿರಾ ಎಂಬುದನ್ನು ದಯವಿಟ್ಟು ತಿಳಿಸಿ. ತೋಟದ ಲೆಕ್ಕ ನೋಡಿಕೊಳ್ಳುವ ಗಂಡಸರೂ ಉತ್ತರಿಸಿದರೆ, ಯಜಮಾನರಿಗೆ ಯಾವ ಅಂಜಿಕೆ ಇರಬಹುದೆಂದು ನನಗೂ ಅರ್ಥವಾದೀತು.