ಬಾಟಮ್‌ನ ಕತ್ತೆಮೋರೆ: ನಟನ ಮುಖ ಮುಚ್ಚಬೇಕೋ, ಬೇಡವೋ?

ಪ್ರಶ್ನೆ: ಹವ್ಯಾಸಿ ತಂಡದ ನಿರ್ದೇಶಕ, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ಷೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕವನ್ನು ಕನ್ನಡದಲ್ಲಿ ಆಡಲು ನಮ್ಮ ತಂಡ ಹೊರಟಿದೆ. ನಮ್ಮದು ಬಯಲು ರಂಗ. ಎದುರಿಗೆ ಪರದೆಯಿಲ್ಲ, ಮೂರು ಕಡೆಯೂ ಜನ ಕೂತಿರುತ್ತಾರೆ. ನೇಕಾರ ಬಾಟಮ್‌ನಿಗೆ ಕತ್ತೆಯ ತಲೆ ಬರುವ ಮೂರನೆಯ ಅಂಕದ ದೃಶ್ಯದಲ್ಲಿ ನಾವು ಸಿಕ್ಕಿಹಾಕಿಕೊಂಡಿದ್ದೇವೆ.

ಹಳೆಯ ಪತ್ರಿಕೆಗಳನ್ನು ನೆನೆಸಿ, ಮೆಂತ್ಯದೊಡನೆ ರುಬ್ಬಿ, ಬಿದಿರ ದಬ್ಬೆಯ ಚೌಕಟ್ಟಿಗೆ ಮೆತ್ತಿ ಒಂದು ತಲೆ ಮಾಡಿದೆವು. ನೋಡುವುದಕ್ಕೆ ಸೊಗಸಾಗಿಯೇ ಇದೆ. ಆದರೆ ಅದನ್ನು ಹಾಕಿಕೊಂಡವನ ಮಾತು ಕೊಡದೊಳಗಿಂದ ಬಂದಂತೆ ಕೇಳಿಸುತ್ತದೆ. ಎರಡನೆಯ ತಾಲೀಮಿನಲ್ಲಿ ಬೆವರಿಗೆ ಮೆತ್ತಗಾದ ಒಳಪದರ ಹುಡುಗನ ಹಣೆಗೆ ಅಂಟಿಕೊಂಡು, ಮೆಂತ್ಯದ ವಾಸನೆಗೆ ಸೀನುತ್ತ ಅವನು ಅರ್ಧ ಮಾತನ್ನು ನುಂಗಿದ. ಜನರ ಕಣ್ಣೆದುರಿಗೇ ರೂಪ ಬದಲಾಗಬೇಕೆ? ಆ ಕಾಲದ ಪ್ರೇಕ್ಷಕರು ಇಂಥ ಮಾಟವನ್ನು ನಂಬಿಕೊಂಡು ನೋಡುತ್ತಿದ್ದರೇ, ಇಲ್ಲವೇ ಬರೀ ನಗೆಯಾಟವೆಂದು ನೋಡುತ್ತಿದ್ದರೇ? ಇದು ತಿಳಿದರೆ ತಲೆಯನ್ನು ಏನು ಮಾಡಬೇಕೆಂಬುದೂ ತಿಳಿದೀತು.

ಉತ್ತರ: ನಿವೃತ್ತ ಇಂಗ್ಲಿಷ್ ಅಧ್ಯಾಪಕಿ, ದಾವಣಗೆರೆ

ಪರದೆಯಿಲ್ಲದಿರುವುದನ್ನು ಕೊರತೆಯೆಂದು ಎಣಿಸಬೇಡಿ. ಆ ಕಾಲದ ಲಂಡನ್ನಿನ ಬಯಲು ರಂಗಮಂದಿರಗಳಲ್ಲಿಯೂ ಮುಂಪರದೆ ಇರಲಿಲ್ಲ. ಆಟ ನಡೆಯುತ್ತಿದ್ದುದು ಹಾಡಹಗಲಿನಲ್ಲಿ. ಹಿಂದೆ ಇದ್ದದ್ದು ಬಣ್ಣದಮನೆ ಮಾತ್ರ, ಮತ್ತು ದೃಶ್ಯದ ಜಾಣ್ಮೆಯೆಲ್ಲ ಅದರಲ್ಲಿಯೇ ಇದೆ. ಬಾಟಮ್ ಮೊದಲಾದ ಗೆಳೆಯರೊಡನೆ ‘ಪಿರಾಮಸ್ ಮತ್ತು ಥಿಸ್ಬಿ’ ಎಂಬ ಆಟದ ತಾಲೀಮಿಗೆಂದು ಕಾಡಿಗೆ ಬಂದ ಬಡಗಿ ಕ್ವಿನ್ಸ್, ಈ ಹಸಿರು ನೆಲವೇ ನಮ್ಮ ರಂಗ, ಈ ಮುಳ್ಳುಪೊದೆಯೇ ನಮ್ಮ ಬಣ್ಣದಮನೆ ಎಂದು ಮೊದಲೇ ಸಾರಿಬಿಡುತ್ತಾನೆ. ಮಾತು ಮುಗಿಸಿದ ಬಾಟಮ್ ಆ ಪೊದೆಯೊಳಕ್ಕೆ, ಅಂದರೆ ನಿಜವಾದ ಬಣ್ಣದಮನೆಗೇ, ಹೋಗುತ್ತಾನೆ. ಯಕ್ಷರ ರಾಜ ಓಬೆರಾನನ ತುಂಟ ಸೇವಕ ಪಕ್, ಮಾಟ ಮಾಡಲೆಂದು ಅವನ ಬೆನ್ನು ಹತ್ತುತ್ತಾನೆ. ಥಿಸ್ಬಿಯ ಪಾತ್ರದವನು ಕೆಲವು ಸಾಲು ತಪ್ಪುತಪ್ಪಾಗಿ ಒಪ್ಪಿಸುವಷ್ಟರಲ್ಲಿ ತಲೆ ತೊಟ್ಟು ಬಂದಾಗಿರುತ್ತದೆ. ಷೇಕ್ಸ್‌ಪಿಯರನ ನಾಟಕಗಳ 1623ರ ಫೋಲಿಯೊ ಮುದ್ರಣದಲ್ಲಿ ಇಲ್ಲಿ, ಪಿರಾಮಸ್ (ಅಂದರೆ ಆ ಪಾತ್ರದ ಬಾಟಮ್) ಕತ್ತೆಯ ತಲೆಯೊಡನೆ ಬರುತ್ತಾನೆ ಎಂಬ ರಂಗಸೂಚನೆಯಿದೆ. ‘ಒಂದು ತಲೆ’ ಎನ್ನದೆ ‘ಆ ತಲೆ’ ಎನ್ನುವ ಧಾಟಿ ಅದರದು. ತಂಡದ ಪೆಟ್ಟಿಗೆಯಲ್ಲಿ ಬಿದ್ದಿದ್ದ ಸಾಮಾನನ್ನೇ ಹೆಸರಿಸಿದಂತಿದೆ. ಆದ್ದರಿಂದ ರೂಪ ಬದಲಾಗುವುದನ್ನು ನೀವು ತೋರಿಸಬೇಕಾಗಿಲ್ಲ. ತೋರಿಸಬೇಕಾದದ್ದು ಅದನ್ನು ಕಂಡು ದಿಕ್ಕೆಟ್ಟು ಓಡುವ ಗೆಳೆಯರನ್ನು.

ನಂಬಿಕೆಯ ವಿಷಯ ಅಷ್ಟು ಸರಳವಲ್ಲ. ರೆಜಿನಾಲ್ಡ್ ಸ್ಕಾಟ್ ಎಂಬಾತ 1584ರಲ್ಲಿ ಮಾಟಗಾತಿಯರ ಕುರಿತ ನಂಬಿಕೆಗಳನ್ನು ಅಲ್ಲಗಳೆದು ಒಂದು ದೊಡ್ಡ ಪುಸ್ತಕ ಪ್ರಕಟಿಸಿದ. ಸೈಪ್ರಸ್ ದ್ವೀಪದಲ್ಲಿ ಮೊಟ್ಟೆ ಕೊಳ್ಳಲು ಹೋದ ಇಂಗ್ಲಿಷ್ ನಾವಿಕನೊಬ್ಬ ಕತ್ತೆಯಾಗಿ, ಮಾಟಗಾತಿಯ ಮನೆಯಲ್ಲಿ ಮೂರು ವರ್ಷ ಹೊರೆ ಹೊತ್ತ ಕಥೆಯನ್ನು ಅವನು ಅದರಲ್ಲಿ ಎತ್ತಿಕೊಂಡು ಗೇಲಿ ಮಾಡುತ್ತಾನೆ. ಕೂತು ಗೇಲಿ ಮಾಡಬೇಕಾಯಿತೆಂದರೆ ನಂಬುವವರು ಸಾಕಷ್ಟಿದ್ದರು ಎಂದೇ ಅರ್ಥ. ಇತ್ತ ರಂಗದ ಮಟ್ಟಿಗೆ ಅದೇ ಜನ ಎಷ್ಟು ಕಡಿಮೆಯಲ್ಲಿ ಒಪ್ಪಿಕೊಳ್ಳುತ್ತಿದ್ದರು ನೋಡಿ: ಫಿಲಿಪ್ ಹೆನ್ಸ್ಲೋ ಎಂಬ ರಂಗಮಂದಿರದ ಮಾಲೀಕನ 1598ರ ಸಾಮಾನುಪಟ್ಟಿಯಲ್ಲಿ, ಅದೃಶ್ಯನಾಗಿ ಹೋಗುವುದಕ್ಕೆ ಒಂದು ನಿಲುವಂಗಿ ಎಂಬ ನಮೂದಿದೆ. ಎಲ್ಲರಿಗೂ ಕಾಣುವ ಬಟ್ಟೆಯನ್ನು ತೊಟ್ಟವನು ಯಾರಿಗೂ ಕಾಣುವುದಿಲ್ಲ! ಓಬೆರಾನನಿಗಂತೂ ನಾನು ಅದೃಶ್ಯ ಎಂಬ ಒಂದು ಮಾತೇ ಸಾಕಾಗಿದೆ.

ಇನ್ನು ತಲೆಯ ವಿಚಾರ. ಈ ನಾಟಕದಲ್ಲಿ ನಿಜವಾಗಿ ಮರುಳಾದವನು ಬಾಟಮ್ ಅಲ್ಲ. ಎಚ್ಚೆತ್ತಾಗ ಮೊದಲು ಕಂಡವರ ಮೇಲೆ ಮೋಹ ಹುಟ್ಟಿಸುವ ಹೂವಿನ ರಸ ಬೀಳುವುದು ಯಕ್ಷಿಣಿಯರ ರಾಣಿ ಟೈಟಾನಿಯಳ, ತರುಣ ಪ್ರೇಮಿಗಳಾದ ಲೈಸಾಂಡರನ, ಡೆಮೆಟ್ರಿಯಸನ ಕಣ್ಣುಗಳಿಗೆ. ಮಂಕುಬೂದಿ ಎರಚಿಸಿಕೊಂಡವರು ಅವರು. ಬಾಟಮ್ ಒಳಗೆ ಅದೇ ನೇಕಾರನಾಗಿ ಉಳಿದಿದ್ದಾನೆ. ಆ ರಾಣಿಯ ತೋಳಿನಲ್ಲಿ ಮಲಗಿ ಒಣಹುಲ್ಲನ್ನೂ ಓಟ್ಸ್ ಕಾಳನ್ನೂ ಕೇಳುತ್ತಾನೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ದೃಶ್ಯ ನನಗೆ ಗೊತ್ತಿಲ್ಲ. ತಾನು ಬದಲಾಗಿದ್ದೇನೆಂದು ತಿಳಿಯದ ಆ ಮುಖ ಕಾಣದೆ ಹೋದರೆ ದೃಶ್ಯದ ಅರ್ಧ ಸತ್ವ ಹೋದಂತೆ. ಕಿವಿ ಕಟ್ಟಿ, ಮುಖ ಬಿಡಿ. ಕೊನೆಯಲ್ಲಿ ಟೈಟಾನಿಯಳಿಗೂ ಲೈಸಾಂಡರನಿಗೂ ಪರಿಹಾರದ ರಸ ಸಿಗುತ್ತದೆ, ಡೆಮೆಟ್ರಿಯಸನಿಗೆ ಸಿಗುವುದಿಲ್ಲ. ಅವನು ಮರುಳಿನಲ್ಲಿಯೇ, ತನ್ನನ್ನು ಪ್ರೀತಿಸುತ್ತಿದ್ದ ಹೆಲೆನಾಳ ಕೈ ಹಿಡಿಯುತ್ತಾನೆ. ಇದನ್ನೂ ಗಮನದಲ್ಲಿಡಿ.

ಉತ್ತರ: ಸ್ನಾತಕೋತ್ತರ ವಿದ್ಯಾರ್ಥಿ, ದಾವಣಗೆರೆ

ಮೇಡಂ ಅವರ ಮಾತಿಗೆ ಒಂದು ಸಣ್ಣ ತಕರಾರಿದೆ. ಮುಖದ ಮೇಲೆ ಕೂದಲು ವಿಪರೀತ ಬೆಳೆದಂತಿದೆ, ಕ್ಷೌರಿಕನ ಹತ್ತಿರ ಹೋಗಬೇಕು ಎಂದು ಬಾಟಮ್ ಹೇಳುತ್ತಾನಲ್ಲ, ನುಣುಪು ಮುಖದ ಹುಡುಗ ಆ ಮಾತನ್ನು ಆಡಿದರೆ ಯಾರು ನಗುತ್ತಾರೆ? ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ಭಾಗವತನು ಮುಖವಾಡವೆಂದುಕೊಂಡು ಹಯವದನನ ಕುದುರೆಮುಖವನ್ನು ಹಿಡಿದೆಳೆಯುತ್ತಾನೆ, ಅದು ಕಳಚುವುದಿಲ್ಲ. ಪೂರ್ತಿ ತಲೆಯಿದ್ದುದರಿಂದಲೇ ಆ ಗಾಬರಿಗೆ ತೂಕ. ಹಯವದನನಿಗೆ ತನ್ನ ತಲೆಯ ಸಂಕಟ ಗೊತ್ತು, ಬಾಟಮ್‌ನಿಗೆ ಗೊತ್ತಿಲ್ಲ ಎಂಬ ವ್ಯತ್ಯಾಸವನ್ನು ಒಪ್ಪುತ್ತೇನೆ.

ರೂಪಾಂತರವನ್ನು ತೋರಿಸಬೇಕಾಗಿಲ್ಲ ಎಂಬುದಕ್ಕೆ ಮಾತ್ರ ನನ್ನ ಬೆಂಬಲವಿದೆ. ಅದೇ ಕಾಲದ ನಾಟಕಕಾರ ಜಾನ್ ಲಿಲಿಯ ‘ಗ್ಯಾಲತಿಯ’ದಲ್ಲಿ ಗಂಡುವೇಷ ತೊಟ್ಟ ಇಬ್ಬರು ಹುಡುಗಿಯರು ಪರಸ್ಪರ ಮೋಹಗೊಳ್ಳುತ್ತಾರೆ, ಒಬ್ಬಳನ್ನು ಗಂಡಾಗಿಸುತ್ತೇನೆಂದು ವೀನಸ್ ದೇವತೆ ಮಾತು ಕೊಡುತ್ತಾಳೆ, ಯಾರನ್ನು ಎಂಬುದು ತಿಳಿಯುವ ಮೊದಲೇ ನಾಟಕ ಮುಗಿಯುತ್ತದೆ. ಷೇಕ್ಸ್‌ಪಿಯರನದೇ ‘ದ ಕಾಮಿಡಿ ಆಫ್ ಎರರ್ಸ್’ನಲ್ಲಂತೂ ಮಾಟವೇ ಇಲ್ಲ, ಇರುವುದು ಅವಳಿಗಳ ಗೊಂದಲ ಮಾತ್ರ, ಆದರೂ ಸೇವಕ ಡ್ರೋಮಿಯೊ ತಾನು ಕತ್ತೆಯಾಗಿದ್ದೇನೆಂದು ನಂಬಿ ಕೂತಿದ್ದಾನೆ.

ಉತ್ತರ: ಪ್ರಸಾಧನದವರು, ಹೊಸದುರ್ಗ

ನಿಮ್ಮಿಬ್ಬರ ಮಾತಿಗೂ ನಡುವಿನ ದಾರಿಯಿದೆ. ಸಾಣೇಹಳ್ಳಿಯ ಬಯಲು ರಂಗಮಂದಿರದ ಮೇಲಿನ ಮೆಟ್ಟಿಲುಗಳಲ್ಲಿ ಕೂತು ನಾಟಕ ನೋಡಿದವರಿಗೆ ಗೊತ್ತಿರುತ್ತದೆ, ದೂರದಿಂದ ಮೊದಲು ಕಾಣುವುದು ತಲೆಯ ಅಂಚು, ಮುಖವಲ್ಲ. ಕತ್ತೆಯ ಹಣೆ, ಮೂತಿ ಮತ್ತು ಕಿವಿಗಳನ್ನು ಪೇಟದಂತೆ ಹುಬ್ಬಿನ ಮೇಲಕ್ಕೆ ಕೂರಿಸಿ. ಕೆಳಗೆ ನಟನ ಕಣ್ಣು, ಬಾಯಿ ಬಿಡುವಾಗಿರಲಿ. ಕೆನ್ನೆಗೆ ಸ್ಪಿರಿಟ್ ಗಮ್ (ವೇಷದ ಗಡ್ಡಮೀಸೆ ಅಂಟಿಸುವ ಅಂಟು) ಹಚ್ಚಿ, ಚಳ್ಳಕೆರೆ ಕಡೆಯ ಕಂಬಳಿ ನೇಯುವವರಲ್ಲಿ ಸಿಗುವ ಕಪ್ಪು ಕುರಿತುಪ್ಪಟವನ್ನು ಸಣ್ಣಗೆ ಕತ್ತರಿಸಿ ಅಂಟಿಸಿದರೆ ಕ್ಷೌರಿಕನ ಮಾತಿಗೂ ಆಧಾರ ಸಿಕ್ಕಿತು. ಅಂಟಿಸುವುದಕ್ಕೆ ಸಮಯ ಬೇಕು. ಪೊದೆಯ ಹಿಂದೆ ಅಷ್ಟು ಬಿಡುವು ಸಿಗುವುದಿಲ್ಲವಾದ್ದರಿಂದ, ತುಪ್ಪಟವನ್ನು ತೆಳು ಬಟ್ಟೆಗೆ ಮೊದಲೇ ಅಂಟಿಸಿ, ಕಿವಿಗೆ ಸಿಕ್ಕಿಸುವ ಗಡ್ಡದಂತೆ ಮಾಡಿಟ್ಟುಕೊಳ್ಳುವುದು ಮೇಲು. ಕತ್ತೆಯ ಕಿವಿಗೆ ಒಳಗಿನಿಂದ ಮೀನು ಹಿಡಿಯುವ ದಾರವನ್ನು ಕಟ್ಟಿ ತೋಳಿನಲ್ಲಿ ಇಳಿಸಿದರೆ, ಟೈಟಾನಿಯ ಮಾತಾಡುವಾಗಲೆಲ್ಲ ಒಂದು ಕಿವಿ ಮಾತ್ರ ಅವಳತ್ತ ಹೊರಳೀತು. ಮೆಂತ್ಯವನ್ನು ಬಿಟ್ಟುಬಿಡಿ, ಮೈದಾ ಅಂಟಿಗೆ ಸ್ವಲ್ಪ ಮೈಲುತುತ್ತ ಸೇರಿಸಿದರೆ ಹುಳವೂ ಬರುವುದಿಲ್ಲ. ಆದರೆ ಮೈಗೆ ತಾಗುವ ಕಡೆ ಬಟ್ಟೆಯ ಒಳಪದರ ಇರಲೇಬೇಕು.

ಪ್ರಶ್ನೆ ಕೇಳಿದವರು

ಮೂವರಿಗೂ ವಂದನೆಗಳು. ಮಾಡಿಟ್ಟ ತಲೆಯನ್ನು ನಿನ್ನೆ ಸಂಜೆ ಮೂಗಿನ ಕೆಳಗೆ ಅಡ್ಡಕ್ಕೆ ಕೊಯ್ದೆವು. ಮೇಲಿನ ಭಾಗ ಪೇಟದಂತೆ ಚೆನ್ನಾಗಿಯೇ ಕೂತಿತು. ಬಾಟಮ್‌ನನ್ನು ಕಂಡ ಕ್ವಿನ್ಸ್ ಇಂಗ್ಲಿಷಿನಲ್ಲಿ, ನೀನು ಟ್ರಾನ್ಸ್‌ಲೇಟ್ ಆಗಿಬಿಟ್ಟೆ ಎಂದು ಚೀರುತ್ತಾನಲ್ಲ, ಅದಕ್ಕೆ ನಾವು ‘ಅಯ್ಯೋ, ನಿನಗೆ ರೂಪಾಂತರವಾಗಿದೆ’ ಎಂದು ಇಟ್ಟುಕೊಂಡಿದ್ದೇವೆ. ನಾಟಕಕ್ಕೂ ಮನುಷ್ಯನಿಗೂ ಒಂದೇ ಮಾತು ಸಲ್ಲುವುದರಿಂದ ತಾಲೀಮಿನಲ್ಲಿಯೇ ನಗು ಬಂತು. ಡೆಮೆಟ್ರಿಯಸನ ಪಾತ್ರದ ಹುಡುಗನಿಗೆ ಮೇಡಂ ಅವರ ಕೊನೆಯ ಮಾತನ್ನು ಓದಿ ಹೇಳಿದೆ. ಮದುವೆಯ ದೃಶ್ಯದಲ್ಲಿ ಹೆಲೆನಾಳನ್ನು ನೋಡುವಾಗ ತಾನು ಕಣ್ಣು ಮಿಟುಕಿಸಬೇಕೇ, ಬೇಡವೇ ಎಂದು ಅವನು ಅಂದಿನಿಂದ ಕೇಳುತ್ತಲೇ ಇದ್ದಾನೆ.