ಅರೆಭಾಷೆಯಲ್ಲಿ ವಾರಕ್ಕೆ ಅರ್ಧ ಗಂಟೆ: ಆಕಾಶವಾಣಿಯನ್ನು ಕೇಳುವುದೋ, ಸಮುದಾಯ ಬಾನುಲಿ ಹಾಕುವುದೋ?

ಸಂಪಾಜೆ ಗಡಿ

ಸುಳ್ಯ, ಮಡಿಕೇರಿ ಎರಡೂ ತಾಲೂಕಿನಲ್ಲಿ ಸದಸ್ಯರಿರುವ ಅರೆಭಾಷೆ (ಈ ಭಾಗದ ಗೌಡರ ಮನೆಮಾತು) ಸಂಘದ ಪರವಾಗಿ ಕೇಳುತ್ತಿದ್ದೇನೆ. ಹಾಡು, ನಾಟಕದ ಮಾತಲ್ಲ. ಕೃಷಿ, ಆರೋಗ್ಯ, ಪಡಿತರ, ಮಳೆಗಾಲದ ಎಚ್ಚರಿಕೆ ಇವನ್ನೆಲ್ಲ ಅರೆಭಾಷೆಯಲ್ಲೇ ಹೇಳುವ ಅರ್ಧ ಗಂಟೆ ರೇಡಿಯೋದಲ್ಲಿ ವಾರಕ್ಕೊಮ್ಮೆ ಬೇಕು. ಒಂದು ನಿಲಯಕ್ಕೆ ಮನವಿ ಕೊಟ್ಟಾಗಿದೆ. "ಪರಿಶೀಲಿಸಲಾಗುವುದು" ಅಂತ ಒಂದು ಸಾಲು ಬಂತು, ಅಷ್ಟೇ. ಸಂವಿಧಾನದ 8ನೇ ಪರಿಚ್ಛೇದದ ಭಾಷಾ ಪಟ್ಟಿಯಲ್ಲಿ ಇಲ್ಲದ ಭಾಷೆಗೆ ಹೀಗೆ ಕೇಳುವ ಹಕ್ಕು ಉಂಟಾ? ಮನವಿಯಲ್ಲಿ ಏನೇನು ಇರಬೇಕು? ಅಥವಾ ಇದನ್ನೆಲ್ಲ ಬಿಟ್ಟು ಸಂಘವೇ ನಡೆಸುವ ಸಣ್ಣ ರೇಡಿಯೋ ಕೇಂದ್ರ, ಅಂದರೆ ಸಮುದಾಯ ಬಾನುಲಿಯನ್ನೇ ಹಾಕುವುದು ಲೇಸಾ?

ಕ್ಯೂಶೀಟ್

ಮೊದಲು ಹಕ್ಕಿನ ವಿಷಯ. ಆಕಾಶವಾಣಿಯನ್ನು ನಡೆಸುವ ನಿಗಮ ಪ್ರಸಾರ ಭಾರತಿ; ಅದರ ಕಾಯ್ದೆ 1990ರದ್ದು, ಜಾರಿಗೆ ಬಂದದ್ದು 1997ರಲ್ಲಿ. ಅದರ 12ನೇ ಕಲಮಿನಲ್ಲಿ ನಿಗಮದ ಕರ್ತವ್ಯಗಳಿವೆ: ಬೇರೆ ಬೇರೆ ಪ್ರದೇಶಗಳ ಸಂಸ್ಕೃತಿ ಮತ್ತು ಭಾಷೆಗಳಿಗೆ ಸಾಕಷ್ಟು ಜಾಗ ಕೊಡುವುದು, ಅಲ್ಪಸಂಖ್ಯಾತರ ಮತ್ತು ಬುಡಕಟ್ಟು ಜನರ ವಿಶೇಷ ಅಗತ್ಯಕ್ಕೆ ತಕ್ಕ ಕಾರ್ಯಕ್ರಮ ಮಾಡುವುದು, ಗಡಿ ಹಾಗೂ ದೂರದ ಪ್ರದೇಶದವರನ್ನು ತಲುಪುವುದು. ಈ ಕರ್ತವ್ಯಕ್ಕೂ 8ನೇ ಪರಿಚ್ಛೇದಕ್ಕೂ ಗಂಟು ಹಾಕಿಲ್ಲ. ತುಳು, ಕೊಡವ ಎರಡೂ ಆ ಪಟ್ಟಿಯಲ್ಲಿ ಇಲ್ಲ. ಆದರೂ ಮಂಗಳೂರು, ಮಡಿಕೇರಿ ನಿಲಯಗಳಲ್ಲಿ ಅವು ಕೇಳುತ್ತವೆ. ಹಾಗಂತ ಕಲಮು ತೋರಿಸಿ "ಇಷ್ಟು ಗಂಟೆ ಕೊಡಲೇಬೇಕು" ಅನ್ನಲಿಕ್ಕೂ ಆಗುವುದಿಲ್ಲ. ಮನವಿಯಲ್ಲಿ ಅದಕ್ಕೆ ಒಂದು ಪ್ಯಾರಾ ಸಾಕು.

ಮನವಿ ಬಿದ್ದುಹೋಗುವುದು ಬೇರೆ ಕಾರಣಕ್ಕೆ. ಹೆಚ್ಚಿನವರು ಸಮಯ ಕೇಳುತ್ತಾರೆ, ಕಾರ್ಯಕ್ರಮ ತೋರಿಸುವುದಿಲ್ಲ. ನಿಲಯದ ದಿನವನ್ನೆಲ್ಲ ಕಟ್ಟಿಹಾಕುವುದು ಯಾವ ಹೊತ್ತಿಗೆ ಯಾವ ಕಾರ್ಯಕ್ರಮ ಅನ್ನುವ ಪಟ್ಟಿ: ಫಿಕ್ಸೆಡ್ ಪಾಯಿಂಟ್ ಚಾರ್ಟ್, ಅಂದರೆ ಎಫ್‌ಪಿಸಿ. ಅದರಲ್ಲಿ ಖಾಲಿ ಜಾಗ ಅಂತ ಇರುವುದಿಲ್ಲ. ನಿಮಗೆ ಅರ್ಧ ಗಂಟೆ ಬೇಕಾದರೆ ಇನ್ನೊಂದು ಏನೋ ಏಳಬೇಕು. ಯಾವುದು ಏಳಬಹುದು ಅಂತ ನೀವೇ ಹುಡುಕಿ ಕೊಟ್ಟರೆ ಅರ್ಧ ಕೆಲಸ ಮುಗಿಯಿತು. 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಈಗಿನ ಎಫ್‌ಪಿಸಿ ಮತ್ತು ಕಳೆದ ಮೂರು ತಿಂಗಳ ಭಾಷಾವಾರು ಪ್ರಸಾರದ ನಿಮಿಷಗಳನ್ನು ಕೇಳಿ; 30 ದಿನದೊಳಗೆ ಉತ್ತರ ಬರಬೇಕು. ಬಂದ ಮೇಲೆ ಮರುಪ್ರಸಾರ ಮತ್ತು ಬೇರೆ ನಿಲಯದಿಂದ ಎತ್ತಿ ಬಿಡುವ ರಿಲೇ ಎಲ್ಲೆಲ್ಲಿದೆ ನೋಡಿ. ಸ್ಥಳೀಯ ಕಾರ್ಯಕ್ರಮದ ಬುಡಕ್ಕೆ ಕೈ ಹಾಕಬೇಡಿ, ಜಗಳ ಆಗುವುದು ಅಲ್ಲೇ.

ನಿಲಯದ ಕಾರ್ಯಕ್ರಮ ಯೋಜನೆ ತ್ರೈಮಾಸಿಕವಾಗಿ ನಡೆಯುತ್ತದೆ. ಹಾಗಾಗಿ 13 ವಾರಕ್ಕೆ 13 ಕಂತು: ಪ್ರತಿಯೊಂದರ ವಿಷಯ, ಮಾತನಾಡುವವರು ಯಾರು, ಎಷ್ಟು ನಿಮಿಷ ಅಂತ ಒಂದು ಹಾಳೆ. ಜತೆಗೆ ಪೂರ್ತಿ ಮುಗಿಸಿದ ಎರಡು ಕಂತು. ಅರ್ಧ ಗಂಟೆ ಅಂದರೆ 30 ನಿಮಿಷ ಅಂದುಕೊಳ್ಳಬೇಡಿ. ಉದ್ಘೋಷಣೆ, ಸಂಕೇತ ರಾಗ ಕಳೆದು 28 ನಿಮಿಷಕ್ಕೆ ಕಟ್ಟಿ. ಓದಿ ಹೇಳುವ ಮಾತು ನಿಮಿಷಕ್ಕೆ ಸುಮಾರು 90ರಿಂದ 100 ಪದ. ಹತ್ತು ನಿಮಿಷದ ಭಾಷಣಕ್ಕೆ 1500 ಪದ ಬರೆದು ತಂದು ಸ್ಟುಡಿಯೋದಲ್ಲಿ ರೈಲು ಓಡಿಸುವವರೇ ಜಾಸ್ತಿ.

ಮಡಿಕೇರಿಯಲ್ಲಿ 2011ರಲ್ಲಿ ಆದ ಅರೆಭಾಷೆ ಅಕಾಡೆಮಿಯಿಂದ ಒಂದು ಬೆಂಬಲ ಪತ್ರ ಇರಲಿ. ಅದಕ್ಕಿಂತ ಮುಖ್ಯ, ಕೃಷಿ ಮತ್ತು ಆರೋಗ್ಯ ಇಲಾಖೆಯವರು ಮಾಹಿತಿ ಕೊಡಲು ಒಪ್ಪಿದ ಪತ್ರ.

ಲೈನ್ ಮನೆ

ಕ್ಯೂಶೀಟ್ ಅವರು ಹೇಳಿದ್ದೆಲ್ಲ ಸರಿ, ಒಂದು ಬಿಟ್ಟುಹೋಯಿತು. ಬಾಯಿ ಬಿಟ್ಟು ಹೇಳದಿದ್ದರೂ ಮೇಜಿನ ಆ ಕಡೆ ಕೂತವರ ತಲೆಯಲ್ಲಿ ಇರುವ ಪ್ರಶ್ನೆ: "ಇವರಿಗೆಲ್ಲ ಕನ್ನಡ ಬರುತ್ತದಲ್ಲ, ಮತ್ಯಾಕೆ?" ಅದಕ್ಕೆ ಉತ್ತರ ಇಟ್ಟುಕೊಂಡೇ ಹೋಗಿ.

ಹಲವು ಭಾಷೆಗಳಲ್ಲಿ ಪ್ರಸಾರ ಮಾಡುವ ಆಸ್ಟ್ರೇಲಿಯಾದ ಎಸ್‌ಬಿಎಸ್ ನೋಡಿ. 1975ರಲ್ಲಿ ಸಿಡ್ನಿ, ಮೆಲ್ಬರ್ನ್‌ಗಳ ಎರಡು ಪುಟ್ಟ ನಿಲಯದಿಂದ ಶುರುವಾದದ್ದು, ಈಗ ಅಲ್ಲಿ ಕನ್ನಡಕ್ಕೂ ಜಾಗ ಇದೆ. ಜನಗಣತಿ ಆದ ಮೇಲೆ ಯಾವ ಭಾಷೆಗೆ ಎಷ್ಟು ಅಂತ ಮತ್ತೆ ಅಳೆಯುತ್ತಾರೆ. ತಲೆ ಎಣಿಕೆ ಒಂದೇ ಅಲ್ಲ: ಆ ಭಾಷೆಯವರಲ್ಲಿ ಇಂಗ್ಲಿಷ್ ಬಾರದವರು ಎಷ್ಟು, ಹೊಸದಾಗಿ ಬಂದವರು ಎಷ್ಟು, ವಯಸ್ಸಾದವರು ಎಷ್ಟು ಅನ್ನುವುದನ್ನೂ ಲೆಕ್ಕ ಹಿಡಿಯುತ್ತಾರೆ. ಇದೇ ಅಳತೆಗೋಲು ಕೊಡಗಿಗೆ ತಂದರೆ ಮೊದಲು ನಿಲ್ಲುವುದು ಅರೆಭಾಷೆ ಅಲ್ಲ, ಕಾಫಿ ತೋಟದ ಲೈನ್ ಮನೆಗಳಲ್ಲಿರುವ (ಕೆಲಸದವರ ಸಾಲು ಮನೆಗಳು) ಯರವರ ಮತ್ತು ಹಾಡಿಗಳಲ್ಲಿರುವ ಜೇನುಕುರುಬರ ಮಾತು. ನಿಮ್ಮ 28 ನಿಮಿಷದಲ್ಲಿ 8 ನಿಮಿಷ ಅವರಿಗೆ ಬಿಟ್ಟುಕೊಡಿ, ಅವರ ಬಾಯಲ್ಲೇ. ಮನವಿಯ ತೂಕವೇ ಬೇರೆ ಆಗುತ್ತದೆ.

ಇನ್ನು ಎಚ್ಚರಿಕೆಯ ಭಾಷೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದದ್ದು ನೆನಪಿರಬಹುದು. "ರೆಡ್ ಅಲರ್ಟ್", "ಅತಿ ಭಾರಿ ಮಳೆ ಸಂಭವ" ಅನ್ನುವುದನ್ನು ಪದಕ್ಕೆ ಪದ ತಿರುಗಿಸಿದರೆ ಯಾವ ಭಾಷೆಯಲ್ಲೂ ಉಪಯೋಗ ಇಲ್ಲ. ತೋಡಿನ ನೀರು ಇದ್ದಕ್ಕಿದ್ದ ಹಾಗೆ ಕೆಂಪಾದರೆ, ಮನೆ ಹಿಂದಿನ ಗುಡ್ಡದ ಬರೆಯಲ್ಲಿ ಹೊಸ ಬಿರುಕು ಕಂಡರೆ, ನೆಟ್ಟಗಿದ್ದ ಮರ ವಾಲಿದರೆ ಬೆಳಗಾಗಲಿ ಅಂತ ಕಾಯಬೇಡಿ, ಹೊರಡಿ. ಹೀಗೆ ಹೇಳಬೇಕು. ಈ ವಾಕ್ಯಗಳನ್ನು ಮೇ ತಿಂಗಳೊಳಗೆ ಪ್ರತಿ ಭಾಷೆಯಲ್ಲೂ 40 ಸೆಕೆಂಡಿನ ತುಣುಕು ಮಾಡಿ ನಿಲಯಕ್ಕೆ ಕೊಟ್ಟಿಡಿ. ಮಳೆ ಬಂದ ದಿನ ಅನುವಾದಕರನ್ನು ಹುಡುಕುತ್ತಾ ಕೂರಲು ಆಗುವುದಿಲ್ಲ.

ಕುಡ್ಲದ ಮೈಕು

ಲೈನ್ ಮನೆಯವರ ಮಾತಿಗೆ ಅರ್ಧ ಒಪ್ಪಿಗೆ ಮಾತ್ರ ಮಾರಾಯ್ರೆ. "ಕನ್ನಡ ಬಾರದವರಿಗೆ ಮಾತ್ರ" ಅಂತ ಗೆರೆ ಎಳೆದರೆ ಎರಡು ಭಾಷೆ ಬಲ್ಲ ಸಮುದಾಯದ ಭಾಷೆ ರೇಡಿಯೋದಲ್ಲಿ ಹಾಡಿಗೆ ಮಾತ್ರ ಉಳಿಯುತ್ತದೆ. ಅಡಿಕೆಗೆ ಔಷಧಿ ಬಿಡುವುದು, ಬ್ಯಾಂಕ್ ಸಾಲ, ಸಕ್ಕರೆ ಕಾಯಿಲೆ, ಇವುಗಳ ಬಗ್ಗೆ ಮಾತಾಡದ ಭಾಷೆಗೆ ಹೊಸ ಪದ ಹುಟ್ಟುವುದು ಎಲ್ಲಿಂದ? ಆದರೆ ಆ 8 ನಿಮಿಷ ಬಿಟ್ಟುಕೊಡುವ ಸಲಹೆ ಬಹಳ ಒಳ್ಳೆಯದು.

ಈಗ ಧ್ವನಿ. ಮಾದರಿ ಕಂತು ತಿರಸ್ಕಾರ ಆಗುವುದು ಹೆಚ್ಚಾಗಿ ಧ್ವನಿಮುದ್ರಣದ ಗುಣಮಟ್ಟಕ್ಕೆ. ಟೈಲ್ಸ್ ಹಾಕಿದ ಹಾಲ್ ಬೇಡ, ಮಾತು ಗವಿಯಲ್ಲಿ ಆಡಿದ ಹಾಗೆ ಕೇಳುತ್ತದೆ. ಬಟ್ಟೆ ಕಪಾಟು ಇರುವ ಸಣ್ಣ ಕೋಣೆ, ಎರಡು ಗೋಡೆಗೆ ಕಂಬಳಿ. ಫ್ಯಾನ್, ಫ್ರಿಜ್, ಟ್ಯೂಬ್‌ಲೈಟ್ ಬಂದ್. ಮೈಕು ಬಾಯಿಂದ ಒಂದು ಗೇಣು ದೂರ, ನೇರ ಅಲ್ಲ, ಸ್ವಲ್ಪ ಓರೆ. ಇಲ್ಲವಾದರೆ ಪ, ಬ, ಭ ಬಂದಾಗಲೆಲ್ಲ ಉಸಿರು ಬಡಿಯುತ್ತದೆ. 48 ಕಿಲೋಹರ್ಟ್ಸ್, 16 ಬಿಟ್, ವೇವ್ ಕಡತ. ಅತಿ ಜೋರು ಮಾತು ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟಬಾರದು. ವಾಟ್ಸಾಪ್ ವಾಯ್ಸ್ ಮೆಸೇಜಿನಲ್ಲಿ ತರಿಸಿಕೊಂಡದ್ದನ್ನು ಕಂತಿಗೆ ಸೇರಿಸಬೇಡಿ, ಹಿಂಡಿ ಹಿಪ್ಪೆ ಆಗಿರುತ್ತದೆ. ಪ್ರತಿ ಸಲ ಅರ್ಧ ನಿಮಿಷ ಯಾರೂ ಮಾತಾಡದೆ ಬರೀ ಕೋಣೆಯ ಮೌನ ಮುದ್ರಿಸಿಕೊಳ್ಳಿ, ಕತ್ತರಿಸಿ ಅಂಟಿಸುವಾಗ ಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮಾಡಿನ ಕೆಳಗೆ ರೆಕಾರ್ಡಿಂಗ್ ಆಗದ ಮಾತು, ಮಳೆ ನಿಂತರೆ ಜೀರುಂಡೆ. ಆರು ಕಂತು ಬೇಸಿಗೆಯಲ್ಲೇ ಮಾಡಿಟ್ಟುಕೊಳ್ಳಿ.

ಲಿಪಿಯದ್ದೂ ಒಂದು ಗುಂಡಿ ಉಂಟು. ತುಳುವಿನಲ್ಲಿ "ಯಾನ್ ಬರ್ಪೆ" (ನಾನು ಬರುತ್ತೇನೆ), "ಆಯೆ ಬರ್ಪೆ" (ಅವನು ಬರುತ್ತಾನೆ). ಕನ್ನಡ ಲಿಪಿಯಲ್ಲಿ ಬರ್ಪೆ ಎರಡೂ ಒಂದೇ. ಬಾಯಲ್ಲಿ ಮೊದಲನೆಯದರ ಕೊನೆಯ ಎಕಾರ ಅಗಲ ಬಾಯಿಯದ್ದು, ಎರಡನೆಯದು ಮಾಮೂಲಿ ಎಕಾರ. ಚೀಟಿ ನೋಡಿ ಓದುವವರು ಎರಡನ್ನೂ ಒಂದೇ ಮಾಡಿಬಿಡುತ್ತಾರೆ, ಹಳ್ಳಿಯವರು ತಕ್ಷಣ "ಇದು ಪೇಟೆಯ ತುಳು" ಅನ್ನುತ್ತಾರೆ. ನಿಮ್ಮ ಭಾಷೆಯಲ್ಲೂ ಲಿಪಿಗೆ ಸಿಗದ ದನಿ ಎಲ್ಲಿ ಬರುತ್ತದೋ ಅಲ್ಲಿ ಕೆಂಪು ಶಾಯಿಯ ಗುರುತು ಹಾಕಿಸಿ. ಸುಳ್ಯದವರ ಮತ್ತು ಮಡಿಕೇರಿಯವರ ಮಾತಿನ ಧಾಟಿ ಒಂದೇ ಅಲ್ಲವಲ್ಲ? ಒಬ್ಬರನ್ನೇ ಕೂರಿಸಬೇಡಿ, ಎರಡೂ ಕಡೆಯ ಒಬ್ಬೊಬ್ಬರು ಇರಲಿ.

ಡೈಪೋಲ್

ಸಮುದಾಯ ಬಾನುಲಿ ಬಗ್ಗೆ ಯಾರೂ ಹೇಳಲಿಲ್ಲ. ಸಂಘ ನೋಂದಣಿಯಾಗಿ ಕನಿಷ್ಠ 3 ವರ್ಷ ಆಗಿರಬೇಕು. ಹೊರಸೂಸುವ ಶಕ್ತಿ 100 ವಾಟ್, ಆಂಟೆನಾ ನೆಲದಿಂದ 30 ಮೀಟರ್‌ಗಿಂತ ಎತ್ತರ ಇಲ್ಲ. ಕಾರ್ಯಕ್ರಮದಲ್ಲಿ ಅರ್ಧದಷ್ಟಾದರೂ ಸ್ಥಳೀಯವಾಗಿ ತಯಾರಾಗಬೇಕು. 2024ರ ಮಾರ್ಗಸೂಚಿ ಪ್ರಕಾರ ಜಾಹೀರಾತು ಗಂಟೆಗೆ 12 ನಿಮಿಷದವರೆಗೆ. ಸ್ವಂತ ಸುದ್ದಿ ಓದುವ ಹಾಗಿಲ್ಲ, ಆಕಾಶವಾಣಿ ಸುದ್ದಿಯನ್ನು ಇದ್ದ ಹಾಗೆ ಬಿಡಬಹುದು. ಹವಾಮಾನ, ನೀರು, ಕರೆಂಟಿನ ಸೂಚನೆಗೆ ಅಡ್ಡಿ ಇಲ್ಲ. ಮಂಗಳೂರಿನ ರೇಡಿಯೋ ಸಾರಂಗ್, ಸರಗೂರಿನ ಜನಧ್ವನಿ ಎರಡನ್ನೂ ಹೋಗಿ ನೋಡಿ ಬನ್ನಿ.

ಆದರೆ ನಿಮ್ಮ ಊರಿಗೆ ಇದು ಹೇಳಿ ಮಾಡಿಸಿದ್ದಲ್ಲ ಅನ್ನಿಸುತ್ತದೆ. ಬಯಲಿನಲ್ಲಿ 10 ಕಿಲೋಮೀಟರ್ ಆಸುಪಾಸು ಹೋಗುವ 100 ವಾಟ್, ಘಾಟಿಯಲ್ಲಿ ಮೊದಲ ಗುಡ್ಡಕ್ಕೇ ನಿಲ್ಲುತ್ತದೆ. ಎರಡು ತಾಲೂಕನ್ನು ಒಂದು ಕೇಂದ್ರ ಮುಟ್ಟುವುದಿಲ್ಲ. ದಿನಾ ಗಂಟೆಗಟ್ಟಲೆ ತುಂಬಿಸಬೇಕು ಬೇರೆ; ವಾರಕ್ಕೆ 28 ನಿಮಿಷ ಒಂದು ವರ್ಷ ತಪ್ಪದೆ ಮಾಡಿದ ಮೇಲೆ ಆ ಯೋಚನೆ.

ಆಕಾಶವಾಣಿಯದ್ದೂ ಎಫ್‌ಎಂ ಆದ್ದರಿಂದ ಗುಡ್ಡದ ನೆರಳಿನ ತೊಂದರೆ ಇದ್ದದ್ದೇ. ಅರ್ಜಿ ಕೊಡುವ ಮೊದಲು ಹತ್ತಿಪ್ಪತ್ತು ಮನೆಯಲ್ಲಿ ಪಾಕೆಟ್ ರೇಡಿಯೋ ಹಿಡಿದು ಎಲ್ಲಿ ಸಿಗುತ್ತದೆ, ಎಲ್ಲಿ ಇಲ್ಲ ಅಂತ ನಕ್ಷೆ ಮಾಡಿ. ಕುಂಯ್‌ಗುಡುವ ಮನೆಗೆ ತಂತಿಯ ಡೈಪೋಲ್ (ಎರಡು ತೋಳಿನ ಆಂಟೆನಾ) ಸಾಕು: ಮಡಿಕೇರಿಯ 103.1ಕ್ಕೆ ಒಂದೊಂದು ತೋಳು 69 ಸೆಂಟಿಮೀಟರ್, ಮಂಗಳೂರಿನ 100.3ಕ್ಕೆ 71. ಅಡ್ಡ ಇಟ್ಟೂ ನೋಡಿ, ನೆಟ್ಟಗೆ ನಿಲ್ಲಿಸಿಯೂ ನೋಡಿ, ಯಾವುದು ಚೆನ್ನಾಗಿ ಎಳೆಯುತ್ತದೋ ಅದನ್ನೇ ಬಿಗಿಯಿರಿ. ಮೊಬೈಲ್ ಆ್ಯಪಿನಲ್ಲಿ ಸಿಗುತ್ತದೆ ಅನ್ನುವ ಉತ್ತರ ಬರಬಹುದು. ನೆಟ್‌ವರ್ಕ್ ಇಲ್ಲದ ಮನೆಗಳನ್ನೂ ಅದೇ ನಕ್ಷೆಯಲ್ಲಿ ಗುರುತಿಸಿಡಿ.

ಸಂಪಾಜೆ ಗಡಿ

ಎಲ್ಲರಿಗೂ ಉಪಕಾರ. ಎಫ್‌ಪಿಸಿ ಅರ್ಜಿ ಈ ವಾರವೇ ಹೋಗುತ್ತದೆ. ಕ್ಯೂಶೀಟ್ ಅವರೇ, 13 ಕಂತಿನ ಹಾಳೆಯನ್ನು ಇಲ್ಲಿ ಹಾಕಿದರೆ ಒಮ್ಮೆ ನೋಡಿ ಹೇಳುತ್ತೀರಾ?

ಕ್ಯೂಶೀಟ್

ಹಾಕಿ. ಮೊದಲ ಕಂತನ್ನು ಉದ್ಘಾಟನೆ, ಅಧ್ಯಕ್ಷರ ಭಾಷಣಕ್ಕೆ ಇಡಬೇಡಿ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಕ್ರಮದಿಂದ ಶುರು ಮಾಡಿ.