ಗಾಡಿ ಹೀಟ್ ಆಗ್ತೈತಿ, ತಗೊಂಡು ಮೂರು ವಾರ ಆಗಿಲ್ಲ, ಯಾರಾದ್ರೂ ಹೇಳ್ರಪ್ಪ

ಆನಗೋಡು_ಹುಡ್ಗ:
ಎಲ್ರಿಗೂ ನಮಸ್ಕಾರ್ರಿ. ತಲೆ ಕೆಟ್ಟು ಮೊಸರು ಗಡಿಗೆ ಆಗೈತಿ. ಮೂರು ವಾರದ ಹಿಂದೆ ಸೆಕೆಂಡ್ ಹ್ಯಾಂಡ್ ಗಾಡಿ ತಗಂಡೆ, ನೋಡಾಕೆ ಮದ್ಲಿಂಗಿತ್ತಿ ಥರ ಇತ್ತು, ಟೈರಿಗೂ ಪಾಲಿಶ್ ಹೊಡ್ದಿದ್ರು. ಈಗ ಹೀಟ್ ಆಗ್ತೈತಿ. ನಿನ್ನೆ ಮನೆಯವ್ರನ್ನೆಲ್ಲ ಕೂರಿಸ್ಕಂಡು ಹೋಗ್ತಿದ್ದೆ, ಮುಳ್ಳು ಮೇಲೆ ಹತ್ತಿ ಕೆಂಪು ಗೆರೆ ಮುಟ್ತು, ಎಸಿ ತಾನೇ ಕಟ್ ಆತು, ಸೈಡಿಗೆ ಹಾಕಿ ಮುಕ್ಕಾಲು ಗಂಟೆ ಬಿಸ್ಲಲ್ಲಿ ನಿಂತ್ವಿ. ಅತ್ತೆ ಏನೂ ಮಾತಾಡ್ಲಿಲ್ಲ, ಸೆರಗಲ್ಲಿ ಗಾಳಿ ಬೀಸ್ಕಂತಾ ನನ್ನ ಮುಖ ನೋಡಿದ್ರು ಅಷ್ಟೆ. ಒಬ್ಬ ಮೆಕ್ಯಾನಿಕ್ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಅದ್ರ ಮೇಲಿನ ಹೆಡ್ಡಿಗೂ ನಡುವೆ ಇರೋ ಸೀಲು) ಅಂತಾನೆ, ಇನ್ನೊಬ್ಬ ಫ್ಯಾನ್ ಅಂತಾನೆ. ಏನ್ ಮಾಡ್ಲಿ?

ಬೆಣ್ಣೆದೋಸೆ17:
ಅಣ್ಣ ಯಾವ ಗಾಡಿ? ಪೆಟ್ರೋಲಾ ಡೀಸೆಲ್ಲಾ? ಎಷ್ಟು ಓಡಿದೆ? ಪೇಷಂಟ್ ಮನೇಲೇ ಬಿಟ್ಟು ಔಷಧಿ ಕೇಳಾಕೆ ಬಂದಂಗಾಯ್ತು ನಿಂದು.

ಸ್ಪ್ಯಾನರ್_14:
ಹೆಡ್ ಗ್ಯಾಸ್ಕೆಟ್. ಕಣ್ಣು ಮುಚ್ಕೊಂಡು ಹೇಳ್ತೀನಿ. ಕೆಂಪು ಗೆರೆ ಮುಟ್ಟಿದ್ ಮೇಲೆ ಬೇರೆ ಮಾತೇ ಇಲ್ಲ, ಹೆಡ್ ಇಳಿಸಿ ಫೇಸಿಂಗ್ ಮಾಡ್ಸಿ, ಅಂದ್ರೆ ಅದ್ರ ಮೈ ಉಜ್ಜಿ ಸಪಾಟು ಮಾಡ್ಸಿ, ತಡ ಮಾಡಿದ್ರೆ ಹೆಡ್ಡೇ ಹೊಸದು ತರಬೇಕಾಗುತ್ತೆ.

ಆನಗೋಡು_ಹುಡ್ಗ:
ಹೇಳಿಲ್ವಾ, ಸ್ವಿಫ್ಟ್ ಡೀಸೆಲ್ 2013. ಕೆಎ 27, ಹಾವೇರಿ ಪಾಸಿಂಗು. ಮೀಟರಲ್ಲಿ 98 ಸಾವಿರ ಐತಿ, ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಹೆಡ್ ಇಳಿಸೋಕೆ ಎಷ್ಟಾಗ್ತದೆ?

ದುರ್ಗದ_ಲೇತ್:
ಹೆಡ್ಡಿಗೆ ಕೈ ಹಾಕಬೇಡಪ್ಪ ಮೊದ್ಲು. ಅದು 1.3 ಮಲ್ಟಿಜೆಟ್, 1248 ಸಿಸಿ. ಫಿಯಟ್ಟಿನ ಇಂಜಿನ್ನು, ಪುಂಟೋಗೂ ಅದೇ ವಿಸ್ಟಾಗೂ ಅದೇ. ಬ್ಲಾಕ್ ಬೀಡು ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಹೆಡ್ ಒಂದ್ಸಲ ಸೊಟ್ಟ ಆದ್ರೆ ನಮ್ ಅಂಗಡಿಗೇ ಬರೋದು, ನನಗೇನೋ ವ್ಯಾಪಾರ ಆಗುತ್ತೆ, ಆದ್ರೂ ಹೇಳ್ತೀನಿ, ಮೊದ್ಲು ಇದಕ್ಕೆ ಉತ್ರ ಕೊಡು. ಊರೊಳಗೆ ಟ್ರಾಫಿಕ್ಕಲ್ಲಿ ಹೀಟ್ ಆಗುತ್ತೋ, ಹೈವೇಲಿ ಸ್ಪೀಡಾಗಿ ಹೋಗುವಾಗ ಆಗುತ್ತೋ? ಎಸಿ ಹಾಕಿ ನಿಲ್ಸಿದ್ರೆ ಫ್ಯಾನ್ ತಿರುಗುತ್ತಾ? ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಎರಡೇ ನಿಮಿಷಕ್ಕೆ ರೇಡಿಯೇಟರಿನ ಮೇಲಿನ ರಬ್ಬರ್ ಹೋಸ್ ಹಿಸುಕು, ಕಲ್ಲಾಗಿದ್ರೆ ಸಿಲಿಂಡರಿನ ಗ್ಯಾಸ್ ನೀರೊಳಗೆ ಹೋಗ್ತಿದೆ ಅಂತ. ಆಯಿಲ್ ಕ್ಯಾಪ್ ಕೆಳಗೆ ಹಾಲು ಹಾಕಿದ ಕಾಫಿ ಥರ ಏನಾದ್ರೂ ಅಂಟಿದೆಯಾ? ಇದ್ರೆ ಆಯಿಲಿಗೆ ನೀರು ಸೇರಿದೆ ಅಂತ. ಬಿಸಿ ಇದ್ದಾಗ ಮಾತ್ರ ನೀರಿನ ಕ್ಯಾಪ್ ತೆಗೀಬೇಡ. ನಮ್ ಶೆಡ್ ಹುಡುಗನ ಮೊಣಕೈ ಚರ್ಮ ಇನ್ನೂ ಸರಿಯಾಗಿ ಬಂದಿಲ್ಲ.

ಸ್ಪ್ಯಾನರ್_14:
ಇಷ್ಟೆಲ್ಲ ಕೇಳೋದ್ಯಾಕೆ, ನಾನು ಇದೇ ಇಂಜಿನ್ ನಾಲ್ಕು ಬಿಚ್ಚಿದೀನಿ, ನಾಲ್ಕರಲ್ಲೂ ಗ್ಯಾಸ್ಕೆಟ್ಟೇ.

ಬೆಣ್ಣೆದೋಸೆ17:
ನೀವು ಬಿಚ್ಚಿದ್ದು ಗ್ಯಾಸ್ಕೆಟ್ ಹೋಗಿದ್ದನ್ನೇ ಅಲ್ವಾ ಸಾರ್, ಸಿಗದೆ ಇನ್ನೇನಾಗುತ್ತೆ.

ಆನಗೋಡು_ಹುಡ್ಗ:
ಲೇತ್ ಅಣ್ಣ, ಎಲ್ಲ ನೋಡ್ದೆ. ಹೋಸ್ ಮೆತ್ತಗೈತಿ, ಆಯಿಲ್ ಕ್ಯಾಪ್ ಕ್ಲೀನು, ಬಿಳಿ ಹೊಗೆ ಇಲ್ಲ, ಫ್ಯಾನ್ ತಿರುಗುತ್ತೆ. ಊರೊಳಗೆ ಏನೂ ಆಗಲ್ಲ, ಪಿಬಿ ರೋಡಲ್ಲಿ ಅರ್ಧ ಗಂಟೆ ಜಾಮಲ್ಲಿ ನಿಂತ್ರೂ ಮುಳ್ಳು ಅಲ್ಲಾಡಲ್ಲ. ಹೈವೇಲಿ 90 ದಾಟಿದ್ರೆ ಶುರು. ನಿನ್ನೆ ಹೆಬ್ಬಾಳು ಟೋಲ್ ದಾಟೋವರೆಗೂ ಚೆನ್ನಾಗಿತ್ತು, ಭರಮಸಾಗರ ಆದ್ಮೇಲೆ ದುರ್ಗದ ಕಡೆ ಏರು ಬರ್ತಿದ್ದಂಗೆ ಹತ್ತಾಕೆ ಶುರು ಆತು.

ದುರ್ಗದ_ಲೇತ್:
ನೋಡು, ಇದನ್ನ ಮೊದ್ಲೇ ಹೇಳಿದ್ರೆ ಎರಡು ದಿನ ಉಳೀತಿತ್ತು. ನಿಂತಾಗ ಹೀಟ್ ಆದ್ರೆ ಫ್ಯಾನು. ಓಡುವಾಗ, ಲೋಡಲ್ಲಿ ಆದ್ರೆ ನೀರು ಸಾಲ್ತಿಲ್ಲ ಇಲ್ಲ ಸುತ್ತುತಿಲ್ಲ ಅಂತ. ಹೈವೇಲಿ ಗಾಳಿ ಬೇಕಾದಷ್ಟು ಬರುತ್ತೆ, ಫ್ಯಾನೇ ಬೇಕಿಲ್ಲ. ರೇಡಿಯೇಟರ್ ಒಳಗೆ ಕಟ್ಟಿರಬೇಕು, ಇಲ್ಲ ವಾಟರ್ ಪಂಪ್ ರೆಕ್ಕೆ ಸವೆದಿರಬೇಕು. ಕೂಲೆಂಟ್ ಯಾವ ಬಣ್ಣ ಇದೆ?

ಆನಗೋಡು_ಹುಡ್ಗ:
ಕೂಲೆಂಟ್ ಎಲ್ಲಿಂದ, ನೀರೇ ಹಾಕ್ತಿರೋದು. ವಾರಕ್ಕೆ ಒಂದು ಲೀಟ್ರು ಕುಡೀತದೆ. ಹೊಲದ ಬೋರ್ ನೀರು, ಒಳ್ಳೇ ನೀರೇ.

ಬೆಣ್ಣೆದೋಸೆ17:
ಅಯ್ಯೋ ಅಣ್ಣಾ 😭

ಕಾಲೇಜುಫಿಸಿಕ್ಸ್:
ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ಬರೀ ನೀರು 98 ಡಿಗ್ರಿಗೇ ಕುದಿಯುತ್ತೆ. ಒಳಗೆ ಕುದಿಯದೇ ಇರೋದು ಪ್ರೆಶರ್ ಕ್ಯಾಪ್ ಇರೋದಕ್ಕೆ, 1.1 ಬಾರ್ ಕ್ಯಾಪ್ ಸರಿಯಾಗಿ ಕೂತಿದ್ರೆ 120ರ ಹತ್ರ ಹೋಗೋವರೆಗೂ ತಡೆಯುತ್ತೆ. ಕ್ಯಾಪಿನ ರಬ್ಬರ್ ಹೋಗಿದ್ರೆ ಪ್ರೆಶರ್ರೂ ನಿಲ್ಲಲ್ಲ, ನೀರೂ ಆವಿಯಾಗಿ ಹೋಗುತ್ತೆ. ವಾರಕ್ಕೊಂದು ಲೀಟರ್ ಹೋಗೋದು ಅಲ್ಲಿಂದಲೇ ಇರಬಹುದು. ಮೊದಲು ಕ್ಯಾಪ್ ಬದಲಾಯಿಸಿ, ಕಮ್ಮಿ ದುಡ್ಡಿನ ಕೆಲಸ.

ಸ್ಪ್ಯಾನರ್_14:
ನೀರು ಕುಡೀತಿದೆ ಅಂದ್ಮೇಲೆ ಎಲ್ಲಿಗೆ ಹೋಗ್ತಿದೆ? ಸಿಲಿಂಡರ್ ಒಳಗೆ. ಗ್ಯಾಸ್ಕೆಟ್. ಹೇರ್‌ಲೈನ್ ಕ್ರ್ಯಾಕ್ ಹೋಸ್ ಹಿಸುಕಿದ್ರೆ ಗೊತ್ತಾಗಲ್ಲ ಸ್ವಾಮಿ.

ಮಾರಿಕಣಿವೆ:
ನಮ್ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಅದೇ ರೇಡಿಯೇಟರ್ ತಿಂದಿರೋದು.

ಕಾಲೇಜುಫಿಸಿಕ್ಸ್:
ಫ್ಲೋರೈಡ್ ತಿನ್ನೋದು ಹಲ್ಲನ್ನ. ರೇಡಿಯೇಟರ್‌ಗೆ ಕಟ್ಟೋದು ಕ್ಯಾಲ್ಸಿಯಂ, ಮೆಗ್ನೀಷಿಯಂ. ಗೀಸರ್ ಕಾಯಿಲ್ ಬಿಚ್ಚಿ ನೋಡಿಲ್ವಾ, ಬಿಳಿ ಸುಣ್ಣ ಕಟ್ಟಿರುತ್ತಲ್ಲ, ಅದೇ.

ಮಾರಿಕಣಿವೆ:
ಎರಡೂ ಇರೋದು ಒಂದೇ ನೀರಲ್ಲಿ ತಾನೇ? ಹಲ್ಲು ತಿನ್ನೋ ನೀರು ಅಲ್ಯೂಮಿನಿಯಂ ಬಿಡುತ್ತಾ?

ಬೆಣ್ಣೆದೋಸೆ17:
ಸವಳು ನೀರು ಅಂತ ಅಜ್ಜಿ ಕಾಲದಿಂದ ಹೇಳ್ತಾ ಬಂದಿದಾರೆ, ಬೇಳೆನೇ ಬೇಯಲ್ಲ ಅದ್ರಲ್ಲಿ. ಮುಂದಕ್ಕೆ ಹೋಗೋಣ್ವಾ.

ದುರ್ಗದ_ಲೇತ್:
ಹುಡ್ಗ, ಇನ್ನೊಂದು. ಹೀಟ್ ಏರ್ತಿರುವಾಗ ಎಸಿ ಆಫ್ ಮಾಡಿ ಹೀಟರ್ ಫುಲ್ ಇಟ್ಟು ನೋಡು. ಮುಳ್ಳು ಇಳೀಬೇಕು, ಹೀಟರ್ ಅಂದ್ರೆ ಒಳಗಿರೋ ಇನ್ನೊಂದು ಸಣ್ಣ ರೇಡಿಯೇಟರ್ರೇ.

ಆನಗೋಡು_ಹುಡ್ಗ:
ಹೀಟರ್ ತಗಂಡಾಗಿಂದ್ಲೂ ಕೆಲ್ಸ ಮಾಡಲ್ಲಣ್ಣ, ತಣ್ಣಗೆ ಗಾಳಿ ಬರುತ್ತೆ ಅಷ್ಟೆ. ಈ ಊರಲ್ಲಿ ಹೀಟರ್ ಯಾರಿಗೆ ಬೇಕು ಅಂತ ಹೇಳಿರ್ಲಿಲ್ಲ.

ದುರ್ಗದ_ಲೇತ್:
ಮುಗೀತು. ಹೀಟರ್ ಕೋರೇ ಕಟ್ಕೊಂಡಿದೆ ಅಂದ್ರೆ ದೊಡ್ಡ ರೇಡಿಯೇಟರ್ ಗತಿ ಏನು. ಹಳೇ ಓನರ್ ಲೀಕ್ ನಿಲ್ಸೋಕೆ ಏನೋ ಹಾಕಿದಾನೆ. ಪೌಡರ್ ಇರಬಹುದು, ಇಲ್ಲ ಅರಿಶಿನ.

ಬೆಣ್ಣೆದೋಸೆ17:
ಅರಿಶಿನಾನಾ??

ಪದ್ಮಿನಿ_ಪ್ರೇಮಿ:
ಹೌದ್ರಿ, ಹಳೇ ಟೆಕ್ನಿಕ್ಕು. ದಾರೀಲಿ ರೇಡಿಯೇಟರ್ ಸೋರಿದ್ರೆ ಒಂದು ಹಿಡಿ ಅರಿಶಿನ ಪುಡಿ ಹಾಕೋದು, ತೂತಿಗೆ ಹೋಗಿ ಕೂರುತ್ತೆ. ನಮ್ಮಪ್ಪಾಜಿ ಪ್ರೀಮಿಯರ್ ಪದ್ಮಿನಿಯಲ್ಲಿ ಬೇಸಿಗೇಲಿ ಇಂಜಿನ್ನಿಗೆ ಪೆಟ್ರೋಲ್ ಎಳೆಯೋ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಉಚ್ಚಂಗಿದುರ್ಗಕ್ಕೆ ಹೋಗಿ ಬರ್ತಿದ್ರು, ಬಟ್ಟೆ ಒಣಗಿದ್ರೆ ನಿಲ್ಸೋದು, ತಂಬಿಗೆಲಿ ನೀರು ಚಿಮುಕ್ಸೋದು, ಮತ್ತೆ ಹೊರಡೋದು. ಗಾಡಿ ಈಗ್ಲೂ ನನ್ನ ಹತ್ರಾನೇ ಇದೆ, ಕಾರ್ಬೋರೇಟರ್ ನಾನೇ ಟ್ಯೂನ್ ಮಾಡೋದು, ಚೋಕ್ ಎಳ್ದು ಒಂದೇ ಸೆಲ್ಫಿಗೆ ಸ್ಟಾರ್ಟ್. ಡ್ಯಾಶ್‌ಬೋರ್ಡ್ ಮೇಲೆ ಈಚಲು ಚಾಪೆ ಹಾಸಿದೀನಿ. ಫೋಟೋ ಹಾಕ್ಲಾ?

ಮಾರಿಕಣಿವೆ:
ಹಾಕಿ ಹಾಕಿ. ನಮ್ದೊಂದು ಮ್ಯಾಟಡಾರ್ ಇತ್ತು, ಈರುಳ್ಳಿ ಹೊಡೀತಿದ್ವಿ ಅದ್ರಲ್ಲಿ, ಹಿಂದೆ ಬರೋರಿಗೆಲ್ಲ ಕಣ್ಣಲ್ಲಿ ನೀರು, ಅದು ಈರುಳ್ಳಿಗೋ ಹೊಗೆಗೋ ಗೊತ್ತಿಲ್ಲ.

ಸ್ಪ್ಯಾನರ್_14:
ಇಲ್ಲಿ ಗ್ಯಾಸ್ಕೆಟ್ ವಿಷ್ಯ ನಡೀತಿದೆ, ಈರುಳ್ಳಿ ಬೇರೆ ಕಡೆ ಮಾತಾಡ್ರಿ. ಹುಡ್ಗ, ಖರ್ಚಿಲ್ಲದ ಐಡಿಯಾ ಹೇಳ್ತೀನಿ, ಥರ್ಮೋಸ್ಟಾಟ್, ಅದೇ ರೇಡಿಯೇಟರಿಗೆ ನೀರು ಬಿಡೋ ವಾಲ್ವ್, ಕಿತ್ತು ಬಿಸಾಕಿ ಓಡ್ಸು. ನಮ್ ಬಿಸಿಲಿಗೆ ಅದು ಬೇಕೇ ಇಲ್ಲ, ಚಳಿ ದೇಶದವ್ರು ಮಾಡ್ಕೊಂಡಿದ್ದು.

ಕಾಲೇಜುಫಿಸಿಕ್ಸ್:
ದಯವಿಟ್ಟು ಈ ಸಲಹೆ ಕೊಡಬೇಡಿ. ಇಂಜಿನ್ನಿಗೆ ಹೀಟ್ ಜಾಸ್ತಿ ಆದ್ರೆ ಹೆಂಗೆ ಕೆಟ್ಟದ್ದೋ, ಕಮ್ಮಿ ಇದ್ರೂ ಹಂಗೇ. 80-90 ಡಿಗ್ರಿ ಬಂದ್ಮೇಲೆ ಅದು ಬಾಯಿ ಬಿಡೋದು. ಇಲ್ಲದಿದ್ರೆ ಬೆಳಿಗ್ಗೆ ಹೊತ್ತು ಇಂಜಿನ್ ಬಿಸಿ ಆಗೋದೇ ಇಲ್ಲ, ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಇಂಜಿನ್ ಇನ್ನೂ ತಣ್ಣಗಿದೆ ಅಂದ್ಕೊಂಡು ಡೀಸೆಲ್ ಜಾಸ್ತಿ ಬಿಡುತ್ತೆ, ಮೈಲೇಜ್ ಹೋಗುತ್ತೆ.

ಸ್ಪ್ಯಾನರ್_14:
ಕೈಗೆ ಗ್ರೀಸ್ ಹತ್ತಿಸ್ಕೊಳ್ದೇ ಇರೋರು ಹಿಂಗೇ ಮಾತಾಡೋದು.

ಕಾಲೇಜುಫಿಸಿಕ್ಸ್:
ಗ್ರೀಸ್ ಹತ್ತಿದ್ರೆ ನೀರು ಬೇರೆ ಡಿಗ್ರಿಗೆ ಕುದಿಯುತ್ತಾ?

ಆನಗೋಡು_ಹುಡ್ಗ:
ಜಗಳ ಆಡಬೇಡ್ರಿ. ಇವತ್ತು ಫ್ರೆಂಡಿನ ಹತ್ರ ಬ್ಲೂಟೂತ್ ಸ್ಕ್ಯಾನರ್ ಇಸ್ಕಂಡು ಮೊಬೈಲಲ್ಲಿ ನೋಡ್ದೆ. ಊರಲ್ಲಿ 90, 92. ಹೈವೇಲಿ ನಾಲ್ಕನೇ ಗೇರಲ್ಲಿ ಏರು ಹತ್ತುವಾಗ 108 ಬಂತು, ಹೆದ್ರಿ ವಾಪಸ್ ಬಂದೆ. ಮನೇಲಿ ನಿಲ್ಸಿ, ಇಂಜಿನ್ ಆಫ್ ಮಾಡಿ, ರೇಡಿಯೇಟರ್ ಮೇಲೆ ಅಲ್ಲಲ್ಲಿ ಬೆರಳಲ್ಲಿ ಮುಟ್ಟಿ ನೋಡ್ದೆ, ಒಂದು ಕಡೆ ಸುಡ್ತೈತಿ, ನಡುವಿಂದ ಕೆಳಗೆ ಆರಾಮಾಗಿ ಕೈ ಇಡಬೋದು. ಇದೇ ಅಲ್ವಾ?

ದುರ್ಗದ_ಲೇತ್:
ಅದೇ. ತಣ್ಣಗಿರೋ ಕಡೆ ನೀರು ಹೋಗ್ತಾನೇ ಇಲ್ಲ. ಕೆಮಿಕಲ್ ಹಾಕಿ ಫ್ಲಶ್ ಮಾಡ್ತೀನಿ ಅನ್ನೋರ ಮಾತು ಕೇಳಬೇಡ, ಈ ಮಟ್ಟಕ್ಕೆ ಕಟ್ಟಿದ್ದು ಬಿಡಲ್ಲ, ಬಿಟ್ರೂ ತೂತು ಬೀಳುತ್ತೆ. ರೇಡಿಯೇಟರ್ ಹೊಸದು, ಕ್ಯಾಪ್ ಹೊಸದು, ಹೀಟರ್ ಕೋರಿಗೆ ಉಲ್ಟಾ ಕಡೆಯಿಂದ ಪೈಪಲ್ಲಿ ನೀರು ಬಿಡ್ಸು. ಆಮೇಲೆ ಕೂಲೆಂಟು, ಅದಕ್ಕೆ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್. ಬೋರ್ ನೀರು ಹೊಲಕ್ಕಿರಲಿ.

*(ಒಂಬತ್ತು ದಿನ ಯಾರೂ ಏನೂ ಬರೆದಿಲ್ಲ, ಪದ್ಮಿನಿಯ ಆರು ಫೋಟೋ ಬಿಟ್ರೆ)*

ಆನಗೋಡು_ಹುಡ್ಗ:
ಲೇಟಾತು, ಹೊಲದಲ್ಲಿ ಮೆಕ್ಕೆಜೋಳದ ಕೆಲ್ಸ ಇತ್ತು. ರೇಡಿಯೇಟರ್ ಬದಲಾಯಿಸ್ದೆ. ಹಳೇದನ್ನ ಬಿಚ್ಚಿ ಕೈಯಲ್ಲಿ ಹಿಡಿದ್ರೆ ಹೊಸದಕ್ಕಿಂತ ಚೆನ್ನಾಗಿ ಭಾರ. ಮೆಕ್ಯಾನಿಕ್ ಮೇಲಿಂದ ಪೈಪ್ ಇಟ್ಟು ನೀರು ಬಿಟ್ಟ, ಕೆಳಗೆ ಸಣ್ಣ ಹುಡುಗ್ರು ಉಚ್ಚೆ ಹೊಯ್ದಂಗೆ ಒಂದು ಗೆರೆ ಬಂತು, ಮಿಕ್ಕಿದ್ದೆಲ್ಲ ಮೇಲಿಂದಾನೇ ತುಳುಕಿ ಅವ್ನ ಪ್ಯಾಂಟ್ ಮೇಲೆ. ಪ್ಲಾಸ್ಟಿಕ್ ಟ್ಯಾಂಕ್ ಕಿತ್ತು ನೋಡಿದ್ರೆ ಕೊಳವೆ ಬಾಯಿಗೆಲ್ಲ ಹಳದಿ ಕೆಸರು, ಅದ್ರ ಕೆಳಗೆ ಬಿಳಿ ಸುಣ್ಣ, ಉಗುರಲ್ಲಿ ಕೆರೆದ್ರೆ ಪದರ ಪದರ ಎದ್ದು ಬರುತ್ತೆ. ಮೂಗಿನ ಹತ್ರ ಹಿಡಿದೆ. ಅರಿಶಿನಾನೇ. ಹೀಟರ್ ಕೋರಿಂದ ಹತ್ತು ನಿಮಿಷ ಟೀ ಬಣ್ಣದ ನೀರು ಬಂತು.

ನಿನ್ನೆ ನಾಲ್ಕು ಜನ, ಎಸಿ ಹಾಕಿ, ಹಿರಿಯೂರಿಗೆ ಹೋಗಿ ಬಂದ್ವಿ, 100ರಲ್ಲಿ. ಅತ್ತೇನೂ ಬಂದಿದ್ರು. ಒಂದ್ಸಲನೂ ಹತ್ತಲಿಲ್ಲ.

ಆದ್ರೆ ಈಗ ಉಲ್ಟಾ ಆಗೈತಿ. ಬೆಳಿಗ್ಗೆ ಹೊರಟ್ರೆ ಭರಮಸಾಗರ ಬಂದ್ರೂ ಮುಳ್ಳು ಕೆಳಗೇ ಇರುತ್ತೆ. ಸ್ಕ್ಯಾನರಲ್ಲಿ 68, 70.

ಕಾಲೇಜುಫಿಸಿಕ್ಸ್:
ಥರ್ಮೋಸ್ಟಾಟ್ ಬಿಚ್ಚಿ ನೋಡಿ. ಈಗಲೇ.

ಆನಗೋಡು_ಹುಡ್ಗ:
ಬಿಚ್ಚಿಸ್ದೆ. ಹೌಸಿಂಗ್ ಐತಿ, ಒಳಗಿನ ವಾಲ್ವ್ ಇಲ್ಲ. ಯಾರೋ ಕಟ್ ಮಾಡಿ ತೆಗ್ದು ಖಾಲಿ ಡಬ್ಬಿ ವಾಪಸ್ ಕೂರಿಸಿದಾರೆ. ರೇಡಿಯೇಟರ್ ಕಟ್ಟಿದ್ದಕ್ಕೆ ಇಷ್ಟು ದಿನ ಗೊತ್ತಾಗಿಲ್ಲ. ಸೆಟ್ಟೇ ತರಿಸ್ಬೇಕಂತೆ, ನಾಳೆ ಬರುತ್ತೆ.

ಬೆಣ್ಣೆದೋಸೆ17:
ಸ್ಪ್ಯಾನರ್ ಅಣ್ಣ, ಹಾವೇರಿ ಕಡೆ ಯಾವಾಗಾದ್ರೂ ಕೆಲ್ಸ ಮಾಡಿದ್ರಾ? 😂

ಸ್ಪ್ಯಾನರ್_14:
ನಗ್ರಿ ನಗ್ರಿ. ಕೆಂಪು ಗೆರೆ ಮುಟ್ಟಿದ ಹೆಡ್ ಅದು. ಆರು ತಿಂಗಳು ಬಿಟ್ಟು ಗ್ಯಾಸ್ಕೆಟ್ ಅಂತ ಇಲ್ಲಿಗೇ ಬರ್ತೀರ.

ಪದ್ಮಿನಿ_ಪ್ರೇಮಿ:
ಹುಡ್ಗ, ಆ ಹಳೇ ರೇಡಿಯೇಟರ್ ಗುಜರಿಗೆ ಹಾಕಿದ್ರಾ? ಅದ್ರ ಫ್ಯಾನ್ ಮೋಟರ್ ಇದ್ರೆ ನನಗೆ ಬೇಕಿತ್ತು.